ಸರೋಜಾ ಟೀಚರ್ ಒಪ್ಪದ ಹೊಯ್ಗೆ

ಸರೋಜಾ ಟೀಚರ್ ಮರಳನ್ನು ಕೆನ್ನೆಗೆ ಉಜ್ಜಿ ನೋಡುತ್ತಿದ್ದರು. ಅಂಗಡಿಯಲ್ಲಿ ಸೀರೆ ಮುಟ್ಟಿ ನೋಡುವಷ್ಟೇ ಸಹಜವಾಗಿ ಒಂದು ಚಿಟಿಕೆ ತೆಗೆದು, ಕಣ್ಣು ಮುಚ್ಚಿ ಉಜ್ಜಿಕೊಂಡು, "ಆಗ್ಲಿಕ್ಕಿಲ್ಲ" ಎನ್ನುವರು.

ಕಾಸರಗೋಡಿನವರು. ತಿರುವನಂತಪುರದ ಶಾಲೆಯೊಂದರಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾಗಿ, ಅಲ್ಲೇ ಪಟ್ಟಂ ಬಡಾವಣೆಯಲ್ಲಿ ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ನಾನು ಧಾರವಾಡದವನು, ಐಟಿ ಪಾರ್ಕಿನ ನೌಕರ. ನಾನು ಉಸುಕು ಎಂದರೆ ಅವರು ಹೊಯ್ಗೆ ಎಂದು ತಿದ್ದುತ್ತಿದ್ದರು.

ಮನೆಯಲ್ಲೊಂದು ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟು ಹವಳ ಬೆಳೆಸುವ ಹುಚ್ಚು ನನಗೆ ಹತ್ತಿತ್ತು. ಅದರ ತಳಕ್ಕೆ ಹಾಸಲು ಹಾಲಿನಂಥ ಬಿಳಿ ಮರಳಿನ ಚೀಲ ಹೊತ್ತು ಬರುವಾಗ ಟೀಚರ್ ಲಿಫ್ಟಿನಲ್ಲಿ ಸಿಕ್ಕರು. ನೇರ ನಮ್ಮ ಅಡುಗೆಮನೆಗೆ ಬಂದು, ಮರಳಿನ ಮೇಲೆ ನಿಂಬೆ ಹಿಂಡಿದರು. ಏನೂ ಆಗಲಿಲ್ಲ.

"ನೊರೆ ಬಂತಾ? ಇಲ್ಲ. ಇದು ಗಾಜಿನ ಜಾತಿ ಮಾರಾಯ್ರೆ. ಚಿಪ್ಪು, ಹವಳದ ಹೊಯ್ಗೆಯಾದ್ರೆ ಬುಸ್ಸೆಂತ ಏಳ್ತದೆ."

"ನೋಡಾಕ ಚಂದ ಐತಲ್ರೀ ಟೀಚರ್."

"ನೋಡುವುದು ನೀವು. ಅದ್ರಲ್ಲಿ ಇರುವುದು ಯಾರು?"

ಆಮೇಲೆ ಕಡಲತೀರದಿಂದ ಪುಕ್ಕಟೆ ಮರಳು ತಂದೆ. ಅದರಲ್ಲಿ ಅವರು ಅಯಸ್ಕಾಂತ ಆಡಿಸಿದರು; ಕಬ್ಬಿಣದ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡು ಬಂದವು. ತೀರಾ ನುಣ್ಣನೆಯದು ತಂದರೆ ಪಂಪಿನ ಸೆಳೆತಕ್ಕೆ ಎದ್ದು ಹವಳದ ಮೇಲೆ ಕೂರುತ್ತದೆ, ದಪ್ಪನೆಯದರ ಸಂದಿಯಲ್ಲಿ ಕೊಳೆ ನಿಲ್ಲುತ್ತದೆ ಎನ್ನುವರು. ಹೀಗೆ ಮೂರು ತಿಂಗಳು ನಮ್ಮ ಹಜಾರದಲ್ಲಿ ಖಾಲಿ ತೊಟ್ಟಿ ಕೂತಿತ್ತು. ಹೆಂಡತಿ ಅದರಲ್ಲಿ ಒಗೆದ ಬಟ್ಟೆ ಇಡತೊಡಗಿದಳು.

ಟೀಚರ್ ಒಂದು ವಾರ ಊರಿಗೆ ಹೋದಾಗ ನನ್ನ ತಾಳ್ಮೆ ಮುಗಿಯಿತು. ಆ ಬಿಳಿ ಮರಳನ್ನೇ ಹಾಸಿದೆ. ತೊಟ್ಟಿಗೆ ಬೇಕಾದ ಬೇರೆಲ್ಲ ಮೊದಲೇ ಸಿದ್ಧವಿತ್ತು. ಗೋಬಿ ಎಂಬ ಮೀನನ್ನೂ ತಂದೆ. ಹೆಸರು ಕೇಳಿ ಹೆಂಡತಿ, "ಮಂಚೂರಿ ಯಾವಾಗ?" ಎಂದಳು. ಗೋಬಿ ಮರಳನ್ನು ಬಾಯ್ತುಂಬ ತುಂಬಿಕೊಂಡು, ಕಿವಿರಿನಿಂದ ಸೋಸಿ ಬಿಟ್ಟು ಬದುಕುವ ಜೀವ. ನಾಲ್ಕನೇ ದಿನ ಅದು ಮರಳು ಮುಟ್ಟುವುದನ್ನು ಬಿಟ್ಟಿತು. ತುಟಿ ಕೆಂಪಾಗಿತ್ತು. ಆರನೇ ದಿನ ತೇಲಿತು.

ಟೀಚರ್ ಬಂದೊಡನೆ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಆ ಮರಳನ್ನು ಕೆನ್ನೆಗೆ ಉಜ್ಜಿಕೊಂಡು, ನನ್ನ ಕೆನ್ನೆಗೂ ಉಜ್ಜಿದರು. ಉರಿಯಿತು.

"ಅದಕ್ಕೆ ಹೇಳ್ಲಿಕ್ಕೆ ಬರುವುದಿಲ್ಲ. ನಿಮಗೆ ಕೇಳ್ಲಿಕ್ಕೆ ಬರ್ತಿತ್ತಲ್ಲ" ಎಂದರಷ್ಟೇ.

ಮುಂದಿನ ಶನಿವಾರ ಅವರೇ ನನ್ನನ್ನು ಕೊಚ್ಚಿಗೆ ಕರೆದೊಯ್ದರು. ಅಲ್ಲಿನ ಅಂಗಡಿಯವನು ಐದು ಬಗೆಯ ಚೀಲ ಬಿಚ್ಚಿ, "ಟೀಚರೇ, ಇದು ಮಣಲ್, ಪೌಡರ್ ಅಲ್ಲ" ಎಂದು ಮಲಯಾಳದಲ್ಲಿ ಗೊಣಗಿದ. ಐದನೆಯದಕ್ಕೆ ಟೀಚರ್ "ನಿಮಗೆ ಸಾಕು" ಎಂದರು. ರೈಲಿನಲ್ಲಿ ಎದುರಿಗೆ ಕೂತವರು ಚೀಲ ಮುಟ್ಟಿ ನೋಡಿ, "ತಿರುವನಂತಪುರದಲ್ಲಿ ಕಡಲಿಲ್ಲವೇ?" ಎಂದು ಕೇಳಿದರು. ಟೀಚರ್ ಗಂಭೀರವಾಗಿ, "ಉಂಟು. ಹೊಯ್ಗೆ ಸರಿ ಇಲ್ಲ" ಎಂದರು.

ಆ ಸಂಜೆ ಅವರ ಕೈಚೀಲ ಒಳಗಿಡಲೆಂದು ಮೊದಲ ಬಾರಿಗೆ ಅವರ ಮನೆ ಹೊಕ್ಕೆ. ಗೋಡೆಯುದ್ದದ ತೊಟ್ಟಿಯಲ್ಲಿ ನೇರಳೆ, ಹಸಿರು ಹವಳಗಳು ಮೆಲ್ಲಗೆ ಉಸಿರಾಡುವಂತೆ ತೂಗುತ್ತಿದ್ದವು. ತಳ ಮಾತ್ರ ಬರೀ ಗಾಜು.

"ಉಸುಕೆಲ್ಲಿ ಟೀಚರ್?"

"ಹನ್ನೊಂದು ವರ್ಷದಿಂದ ಹುಡುಕ್ತಾ ಇದ್ದೇನೆ" ಎಂದರು, ಕೊಂಚ ನಾಚಿ. "ಮನಸ್ಸಿಗೆ ಬಂದದ್ದು ಸಿಕ್ಕಿಲ್ಲ."

ಮರುವರ್ಷ ಮಂಡಿನೋವು ಜೋರಾಗಿ ಕೊಚ್ಚಿಯ ತಂಗಿಯ ಮನೆಗೆ ಹೊರಟರು. ಹವಳಗಳನ್ನೆಲ್ಲ ನನಗೆ ಕೊಟ್ಟರು. ಮತ್ತೆ ಬರಲಿಲ್ಲ; ಮಳೆಗಾಲ ಮುಗಿಯುವ ಮೊದಲೇ, ಟೀಚರ್ ಹೋಗಿಬಿಟ್ಟರೆಂದು ತಂಗಿಯ ಫೋನು ಬಂತು.

ಹೊರಡುವ ದಿನ ಮೇಲೆ ಬಂದು ನನ್ನ ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡಿದ್ದರು. ಹೊಸ ಗೋಬಿ ಬಾಯ್ತುಂಬ ಮರಳು ಮುಕ್ಕಿ, ಕಿವಿರಿನಿಂದ ಉದುರಿಸಿ, ಮತ್ತೆ ಮುಕ್ಕುತ್ತಿತ್ತು. ಟೀಚರ್ ಬಹಳ ಹೊತ್ತು ನೋಡಿದರು.

"ಸರಿ ಐತಲ್ರೀ?" ಎಂದೆ.

"ಸ್ವಲ್ಪ ದಪ್ಪವೇ ಆಯ್ತು" ಎಂದು ಗೋಡೆ ಹಿಡಿದು ಎದ್ದರು. "ಆದ್ರೆ ಅದಕ್ಕೆ ಗೊತ್ತಿಲ್ಲ. ನೀವು ಹೇಳ್ಲಿಕ್ಕೆ ಹೋಗ್ಬೇಡಿ."