ನೆರಳಿನ ಕೊಸರು

"ಬರುವ ತಿಂಗಳೇ ರಸ್ತೆ ಕೆಲಸ ಶುರು" ಎಂದು ಹೇಳಿ ಹೋದ ಆ ಸರ್ವೆಯವನು ಎಲ್ಲಾದರೂ ಎದುರು ಸಿಕ್ಕಿದರೆ ಚಂದಯ್ಯ ಶೆಟ್ಟಿ ಇವತ್ತಿಗೂ ಅವನ ಕೊರಳಪಟ್ಟಿ ಹಿಡಿಯುವವನೇ. ಸಿಟ್ಟು ಅವನ ಮೇಲೋ ತನ್ನ ಮೇಲೋ ಎಂದು ಮಾತ್ರ ಕೇಳಬಾರದು.

ಹಟ್ಟಿಯಂಗಡಿಗೆ ತಿರುಗುವ ದಾರಿಯ ಹತ್ತಿರ, ಹೆದ್ದಾರಿಗೆ ತಾಗಿಕೊಂಡೇ ಚಂದಯ್ಯನ ಮನೆ. ಅಂಗಳದ ಅಂಚಿನಲ್ಲಿ ಅವನ ಅಮ್ಮ ನೀರು ಹೊಯ್ದು ಬೆಳೆಸಿದ ಮಾವಿನಮರ. ಅದರ ಬುಡದಲ್ಲಿ ಗಂಗೊಳ್ಳಿಯ ವನಜ ಮೀನಿನ ಬುಟ್ಟಿ ಇಳಿಸಿ ಕೂರುತ್ತಿದ್ದಳು. ಅಮ್ಮ ಇದ್ದಾಗಲೇ ಆದ ಮಾತು: ಕೂರುವುದಕ್ಕೆ ಬಾಡಿಗೆ ಬೇಡ, ಮನೆಗೆ ಮೀನು ಎಣಿಸಿ ಕೊಟ್ಟ ಮೇಲೆ ಎರಡು ಬಂಗ್ಡೆ ಕೊಸರು ಹಾಕಿದರೆ ಸಾಕು. "ಇದ್ ನೆರಳಿಂದ್" ಎನ್ನುತ್ತಲೇ ವನಜ ಆ ಎರಡನ್ನು ಹಾಕುತ್ತಿದ್ದಳು.

ಫೋರ್ ಲೈನ್ ಬರುತ್ತದೆಂದು ಸರ್ವೆಯವರು ಬಂದು ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬಳಿದರು. ಮರ ಗುತ್ತಿಗೆದಾರನಿಗೆ ಹೋಗುತ್ತದೆ ಎಂದರು. ಚಂದಯ್ಯನ ನೆತ್ತಿ ಕಾಯಿತು. ಅಮ್ಮ ಬೆಳೆಸಿದ ಮರ ಕಂಡವರ ಪಾಲಾಗುವುದೇ? ಮಾರನೆಯ ಬೆಳಿಗ್ಗೆಯೇ ಗರಗಸದವರನ್ನು ಕರೆತಂದ.

ವನಜ ಬುಟ್ಟಿ ಬಿಟ್ಟು ಎದ್ದು ಬಂದಳು. "ಹ್ವಾಯ್ ಶೆಟ್ರೆ, ರಸ್ತೆ ಬಂದ್ ಮೇಲೆ ಕಡ್ಸಿ. ಮರ ಎಂತ ಓಡಿ ಹೋತ್ತಾ?"

"ಮರ ನಂದಾ, ನಿಂದಾ? ಕೂಕಂಬುಕೆ ಜಾಗ ಕೊಟ್ರೆ ಯಜಮಾನ್ತಿ ಆಪ್ದಾ?"

ಮೀನು ಕೊಳ್ಳಲು ನಿಂತ ನಾಲ್ಕಾರು ಜನ ನಕ್ಕರು. ವನಜ ಬುಟ್ಟಿಯನ್ನು ಆಚೆಗೆ ಎಳೆದುಕೊಂಡಳು, ಅಷ್ಟೇ.

ಮರ ಬಿತ್ತು. ರಸ್ತೆ ಬರಲಿಲ್ಲ. ಅಗಲ ಅರವತ್ತು ಮೀಟರೋ ನಲವತ್ತೈದೋ ಎಂದು ವರ್ಷಗಟ್ಟಲೆ ಚರ್ಚೆ ನಡೆಯಿತು. ಹೊಸ ನಕ್ಷೆ ಬಂತು, ಇನ್ನೊಮ್ಮೆ ಅಳತೆ ಆಯಿತು. ಕೊಯ್ಯಿಸಿಟ್ಟ ಹಲಗೆಗೆ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿಯಿತು. ವನಜ ಮಾತ್ರ ಅದೇ ಜಾಗದಲ್ಲಿ, ತಲೆಗೊಂದು ಒದ್ದೆ ಬೈರಾಸು ಬಟ್ಟೆ ಹಾಕಿಕೊಂಡು, ಬಿಸಿಲಿಗೆ ಕೂತಳು. ಚಂದಯ್ಯ ಬಸ್ಸಿಗೆ ಹೋಗುವುದಿದ್ದರೆ ಸುತ್ತುಬಳಸಿ ಹಿಂದಿನ ಓಣಿಯಲ್ಲಿ ಹೋಗುತ್ತಿದ್ದ. ಮೀನಿಗೆ ಹೆಂಡತಿ ಗಿರಿಜಳನ್ನೇ ಕಳಿಸುತ್ತಿದ್ದ.

ಮೂರನೆಯ ಬೇಸಗೆಯಲ್ಲೊಂದು ದಿನ ಊಟಕ್ಕೆ ಕೂತಾಗ ಕೇಳಿದ, "ಇಷ್ಟ್ ಮೀನ್ ಎಂತಕೆ ತಂದದ್ದ್?"

"ನಾ ತಂದದ್ದ್ ಹತ್ತೇ. ಎರಡ್ ಕೊಸರು," ಎಂದಳು ಗಿರಿಜ.

"ಈಗ್ಳೂ ಹಾಕ್ತಾಳಾ?"

"ಒಂದ್ ದಿನ ತಪ್ಪಿಸ್ಲಿಲ್ಲೆ. ನಿಮ್ಗೆ ಗೊತ್ತಿತ್ ಅಂದ್ಕಂಡಿದ್ದೆ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಎದ್ದು, ಕುಂದಾಪುರದಿಂದ ದೊಡ್ಡದೊಂದು ಕೊಡೆ ತಂದು ವನಜಳ ಎದುರು ನಿಂತ. ತಪ್ಪಾಯಿತು ಎನ್ನಬೇಕೆಂದೇ ಹೋದದ್ದು. ಬಾಯಲ್ಲಿ ಬಂದದ್ದು ಬೇರೆ.

"ತಕೊ. ಇನ್ ಮೇಲೆ ಆ ಕೊಸರು ಹಾಕಿದ್ರೆ ಕಾಣ್!"

"ಕೊಡೆ ಬ್ಯಾಡ ಶೆಟ್ರೆ. ಮಾತ್ ಆದದ್ದ್ ನಿಮ್ ಅಮ್ಮನ ಹತ್ರ. ನೀವ್ ಮರ ಕಡ್ಸಿದ್ರಿ ಅಂದೇಳಿ ನಾ ಮಾತ್ ಕಡೂಕಾತ್ತಾ?"

ಮಡಚಿದ ಕೊಡೆ ಹಿಡಿದುಕೊಂಡು ಅವನು ಸುಡುಬಿಸಿಲಲ್ಲಿ ಹಿಂದಿರುಗಿದ.

ರಸ್ತೆ ಕೊನೆಗೂ ಬಂತು. ಜೆಸಿಬಿ ಅರ್ಧ ಅಂಗಳವನ್ನೂ ವನಜಳ ಜಾಗವನ್ನೂ ನುಂಗಿತು. ಅವಳು ಎಲ್ಲಿಗೆ ಹೋದಳೆಂದು ಕೇಳುವ ಧೈರ್ಯ ಚಂದಯ್ಯನಿಗಿರಲಿಲ್ಲ. ವರ್ಷ ಕಳೆದ ಮೇಲೆ ಕುಂದಾಪುರದಲ್ಲಿ, ಅರ್ಧಕ್ಕೇ ನಿಂತ ಫ್ಲೈಓವರಿನ ಅಡಿಯಲ್ಲಿ ಕಂಡಳು. ತಲೆಯ ಮೇಲೆ ಬೈರಾಸು ಇರಲಿಲ್ಲ.

"ಬನಿ ಶೆಟ್ರೆ. ಇವ್ರ್ ಕೆಲ್ಸ ಮುಗ್ಸದಿದ್ದದ್ದೇ ನಂಗ್ ಒಳ್ಳೇದಾಯ್ತ್ ಕಾಣಿ, ತಂಪ್ ಇತ್ತ್!"

ಹತ್ತು ಬಂಗ್ಡೆ ಎಣಿಸಿ ಚೀಲಕ್ಕೆ ಹಾಕಿ ಕೈ ಒರೆಸಿಕೊಂಡಳು. ಚಂದಯ್ಯ ಚೀಲದ ಬಾಯಿ ಹಿಡಿದು ನಿಂತೇ ಇದ್ದ.

"ಇಲ್ ಕೊಸರು ಇಲ್ಲೆ ಶೆಟ್ರೆ. ಇದ್ ಸರ್ಕಾರದ್ ನೆರಳ್," ಎಂದು ನಕ್ಕಳು.

ಅವನು ಚೀಲಕ್ಕೆ ಕೈ ಹಾಕಿ ಎರಡು ಬಂಗ್ಡೆ ತೆಗೆದು ಅವಳ ಬುಟ್ಟಿಗೆ ಹಾಕಿದ.

"ಇದೆಂತ?"

"ಬಿಸಿಲಿಗೆ ಕೂಕಂಡ್ ಹಾಕಿದ್ಯಲೆ. ಅದ್ ವಾಪಾಸ್."

ವನಜಳ ನಗೆ ಇಂಗಿತು. ಆ ಎರಡು ಮೀನನ್ನು ಎತ್ತಿ ಅವನ ಚೀಲಕ್ಕೇ ಹಾಕಿದಳು. "ತಿಂದದ್ದನ್ನ ವಾಪಾಸ್ ಕೊಡೂಕಾತಿಲ್ಲೆ ಶೆಟ್ರೆ. ಮನಿಗ್ ಹೋಯ್ನಿ, ಮೀನ್ ಹಾಳಾತ್ತ್."