ಏಳೆಂಟ್ಲಿ ಐವತ್ನಾಲ್ಕು

ಶಾಲೆಯ ಕಂಪ್ಯೂಟರ್ ಕೋಣೆಯ ಆಯಾಗೆ ಮಕ್ಕಳು ಇಟ್ಟ ಹೆಸರು ರಬ್ಬರಜ್ಜಿ. ಕೋಣೆಯಲ್ಲಿ ಮೂವತ್ತಾರು ಮೇಜು, ಮೂವತ್ತಾರು ಕಂಪ್ಯೂಟರ್. ಐದನೇ ತರಗತಿಗೆ ಬಂದ ಪ್ರತಿ ಮಗುವಿಗೂ ಒಂದು ಕಂಪ್ಯೂಟರ್ ವರ್ಷದ ಮಟ್ಟಿಗೆ ಸ್ವಂತ. ಮೇಜಿನ ಮೊಳೆಗೆ ನೇತುಹಾಕಿದ ಕಾರ್ಡನ್ನು ತೋರಿಸಿದರೆ ಅದು ಬಾಯಿಬಿಡುತ್ತದೆ, ಪಾಠ ಒಪ್ಪಿಸಿಕೊಳ್ಳುತ್ತದೆ. ಮಗು ಎಲ್ಲಿ ಎಡವುತ್ತದೋ ಅಲ್ಲೇ ಮತ್ತೆ ಮತ್ತೆ ಕೇಳುತ್ತದೆ. ಆರು ತಿಂಗಳಲ್ಲಿ ಮಗುವಿನ ಮಾತಿನ ಧಾಟಿಯನ್ನೇ ಹಿಡಿದುಬಿಡುತ್ತದೆ. ವರ್ಷದ ಕೊನೆಯ ದಿನ, ಮುಂದಿನ ಮಗುವಿಗಾಗಿ ಅದೆಲ್ಲವನ್ನೂ ಅಳಿಸಬೇಕು.

ಅಳಿಸುವ ಕೆಲಸ ಅಜ್ಜಿಯದು. ಆದರೆ ಗುಂಡಿಯನ್ನು ಅವರು ಒತ್ತುವುದಿಲ್ಲ, ಮಗುವಿನಿಂದಲೇ ಒತ್ತಿಸುತ್ತಾರೆ. "ವರ್ಷಪೂರ್ತಿ ಅದರ ತಲೆ ತಿಂದಿದೀಯ, ಹೇಳ್ಬಿಟ್ಟು ಹೋಗು" ಎನ್ನುತ್ತಾರೆ.

ಅಜ್ಜಿ ಓದಿದ್ದು ಮೂರನೇ ತರಗತಿ. ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಬೇರೆ ಜನವಿಲ್ಲವೆಂದು ಶಾಲೆ ಬಿಡಿಸಿದರು. ಏಳರ ಮಗ್ಗಿ ಅರ್ಧಕ್ಕೇ ನಿಂತಿತು. ಇದೇ ಶಾಲೆಯಲ್ಲಿ ಇಪ್ಪತ್ತಾರು ವರ್ಷ, ಮೊದಲು ಪೊರಕೆ, ಆಮೇಲೆ ಬೀಗದ ಕೈ.

ಒಂಬತ್ತನೇ ಮೇಜಿನ ಹುಡುಗಿ ಚಿನಕುರುಳಿ. ತನ್ನನ್ನು ಮೇಡಂ ಎಂದೇ ಕರೆಯಬೇಕೆಂದು ಕಂಪ್ಯೂಟರಿಗೆ ತಾಕೀತು ಮಾಡಿದ್ದಳು. ಏಳೆಂಟ್ಲಿ ಎಷ್ಟು ಎಂದರೆ ದಿನವೂ ಐವತ್ನಾಲ್ಕು. "ಏನ್ ಮೇಡಂ, ಇವತ್ತೂ ಐವತ್ನಾಲ್ಕೇನಾ?" ಎಂದು ಅದು ರೇಗಿಸಿದರೆ ಇಡೀ ಕೋಣೆ ನಗುತ್ತಿತ್ತು.

ವರ್ಷದ ನಡುವೆ ಅವಳಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಮನೆಗೆ ತಿರುಗಿ ಬರಲಿಲ್ಲ. ಅಷ್ಟೇ.

ಎರಡು ವಾರದ ನಂತರ ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಅವಳ ಅಪ್ಪ, ಹೆಗಲಲ್ಲಿ ಸಾಮಾನಿನ ಚೀಲದೊಂದಿಗೆ ಕೋಣೆಯ ಬಾಗಿಲಿಗೆ ಬಂದರು.

"ಅಜ್ಜಿ, ಅದು ಅವಳಿಗೆ ಮೇಡಂ ಅಂತಿತ್ತಂತೆ. ಮನೇಲಿ ದಿನಾ ಅಣಕಿಸಿ ತೋರಿಸ್ತಿದ್ಳು. ಒಂದ್ಸಲ ಕೇಳ್ಬೇಕು."

"ಬನ್ನಿ, ಈಗ್ಲೇ ಕೇಳಿ."

"ಈಗ ಆಗಲ್ಲ. ಕಾಲೇ ಒಳಗೆ ಬರ್ತಿಲ್ಲ. ಕೊನೇ ದಿನ ಬರ್ತೀನಿ. ಅಲ್ಲೀವರ್ಗೂ ಅಳಿಸ್ಬೇಡಿ."

"ಇಟ್ಟಿರ್ತೀನಪ್ಪ."

ಇಪ್ಪತ್ತು ದಿನ ಯಾರೂ ಕೂರದಿದ್ದರೆ ಕಂಪ್ಯೂಟರ್ ತಾನಾಗಿಯೇ ಎಲ್ಲವನ್ನೂ ಅಳಿಸಿಕೊಳ್ಳುತ್ತದೆ. ಅಜ್ಜಿಗೆ ಅದು ಗೊತ್ತಿತ್ತು. ಮೇಷ್ಟ್ರನ್ನು ಕೇಳಿದರೆ ನಿಯಮ ಹೇಳುತ್ತಾರೆಂದು ಕೇಳಲಿಲ್ಲ. ಮರುದಿನದಿಂದ ಊಟವಾದ ಮೇಲೆ ಹುಡುಗಿಯ ಕಾರ್ಡು ತೋರಿಸಿ ತಾವೇ ಕೂತರು. ಏಳೆಂಟ್ಲಿ ಎಂದು ಕೇಳಿದಾಗ ಬೇಕೆಂದೇ ಐವತ್ನಾಲ್ಕು ಒತ್ತಿದರು. "ಏನ್ ಮೇಡಂ" ಎಂದಿತು. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆಮೇಲೆ ಕಣ್ಣೊರಸಿಕೊಂಡರು.

ಆದರೆ ಅದು ಬೇರೆ ಲೆಕ್ಕಗಳನ್ನೂ ಕೇಳುತ್ತಿತ್ತು. ಅಜ್ಜಿಗೆ ಬರುತ್ತಿರಲಿಲ್ಲ. ಅದು ನಿಧಾನವಾಯಿತು, ಅಕ್ಷರ ದೊಡ್ಡದು ಮಾಡಿತು, ಎರಡರ ಮಗ್ಗಿಯಿಂದ ಹೇಳಿಕೊಡತೊಡಗಿತು. ಅಜ್ಜಿ ಮಧ್ಯಾಹ್ನಕ್ಕಾಗಿ ಕಾಯುವಂತಾದರು. ಒಂದು ದಿನ ಏಳೆಂಟ್ಲಿ ಎಂದಿತು. ಕೈ ತನ್ನಷ್ಟಕ್ಕೆ ಐವತ್ತಾರು ಒತ್ತಿತು.

"ಶಭಾಷ್! ಇದು ಬಂತು. ಇನ್ಮೇಲೆ ಕೇಳಲ್ಲ."

ಅಜ್ಜಿಗೆ ಕುಣಿಯುವಷ್ಟು ಖುಷಿ. ಗೇಟಿನ ಕಾವಲುಗಾರನಿಗೆ ಹೋಗಿ ಹೇಳಿದರು: "ನಂಗೂ ಏಳರ ಮಗ್ಗಿ ಬಂತು ಕಣೋ."

"ಇನ್ನೇನಜ್ಜಿ, ನಾಳೆಯಿಂದ ಹೆಡ್‌ಮೇಷ್ಟ್ರ ಕುರ್ಚಿ ನಿಮ್ದೇ!"

ಮೂರು ದಿನ ಕಳೆದ ಮೇಲೆ ಅವರ ಗಮನಕ್ಕೆ ಬಂತು: ಅದು ಮೇಡಂ ಎನ್ನುತ್ತಲೂ ಇಲ್ಲ. ಮಕ್ಕಳು ಕರೆಯುವುದನ್ನು ಕೇಳಿಸಿಕೊಂಡು ಅಜ್ಜಿ ಎನ್ನುತ್ತಿದೆ. ಗಾಬರಿಯಿಂದ ತಾವೇ ಏಳೆಂಟ್ಲಿ ಬರೆದು ಮುಂದೆ ಐವತ್ನಾಲ್ಕು ಒತ್ತಿದರು. ಮತ್ತೆ ಒತ್ತಿದರು. ಹತ್ತು ಸಲ ಒತ್ತಿದರು.

"ಇದು ನಿಮಗೆ ಗೊತ್ತಿದೆ ಅಜ್ಜಿ. ಸುಸ್ತಾಗಿದ್ಯಾ?"

ಕೊನೆಯ ದಿನ ಹುಡುಗಿಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅಜ್ಜಿ ಅವರನ್ನು ಬಾಗಿಲಲ್ಲೇ ತಡೆದು ಹೇಳಬೇಕೆಂದಿದ್ದರು. ಯಾವುದೋ ಮಗು ಕೂಗಿತೆಂದು ಆ ಕಡೆ ತಿರುಗಿ ಬರುವಷ್ಟರಲ್ಲಿ ಅವರು ಒಂಬತ್ತನೇ ಮೇಜಿನ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಿಸಿ ಕೂತು ಕಾರ್ಡು ತೋರಿಸಿಬಿಟ್ಟಿದ್ದರು.

"ಕನ್ನಡಕ ಹಾಕ್ಕೊಂಡ್ರಾ ಅಜ್ಜಿ? ನಿಧಾನಕ್ಕೆ ಶುರು ಮಾಡೋಣ."

ಅಪ್ಪ ತಲೆಯೆತ್ತಿ ನೋಡಿದರು. ಅಜ್ಜಿ ನಿಂತುಕೊಂಡೇ ಎಲ್ಲ ಹೇಳಿದರು, ಮಗ್ಗಿ ಬಂದಾಗ ಖುಷಿಪಟ್ಟಿದ್ದನ್ನೂ ಬಿಡದೆ.

"ಉಳಿಸೋಕೆ ಅಂತ ಕೂತೆ. ನಾನೇ ಅಳಿಸ್ಬಿಟ್ಟೆ ಕಣಪ್ಪ."

ಅಪ್ಪ ಕಾರ್ಡನ್ನು ಮತ್ತೆ ಮೊಳೆಗೆ ನೇತುಹಾಕಿದರು. ಪಕ್ಕದ ಮೇಜಿನ ಮಗು ತನ್ನ ಕಂಪ್ಯೂಟರಿಗೆ ಟಾಟಾ ಹೇಳುತ್ತಿತ್ತು.

"ನೀವು ಕೇಳಿದೀರಲ್ಲ ಅದನ್ನ. ನೀವೇ ಹೇಳಿ," ಎಂದರು ಅಪ್ಪ. "ಏಳೆಂಟ್ಲಿ ಐವತ್ನಾಲ್ಕು."

"ಏನ್ ಮೇಡಂ..." ಎಂದರು ಅಜ್ಜಿ. ಅಷ್ಟಕ್ಕೇ ನಿಲ್ಲಿಸಿ ಕನ್ನಡಕ ತೆಗೆದು ಒರೆಸತೊಡಗಿದರು.

ಅಪ್ಪ ತಲೆಯಾಡಿಸಿದರು. ಬೆರಳು ಮುಂದೆ ಮಾಡಿ ಅಳಿಸುವ ಗುಂಡಿ ಒತ್ತಿದರು. ಪರದೆ ಬೆಳ್ಳಗಾಯಿತು. ಒಂದು ಕ್ಷಣ ಬಿಟ್ಟು, ಯಾರ ಧಾಟಿಯೂ ಇಲ್ಲದ ದನಿಯಲ್ಲಿ ಅದು ಕೇಳಿತು:

"ನಮಸ್ಕಾರ. ನಿನ್ನ ಹೆಸರೇನು ಮಗು?"