ಉಸ್ಮಾನ್ ಮೇಸ್ತ್ರಿ ನಿಲ್ಲಿಸಿದ ಕಾಂಕ್ರೀಟ್

ನರಿಮೊಗರಿನ ಉಸ್ಮಾನ್ ಮೇಸ್ತ್ರಿಗೆ ಹೆದರಿಕೆ ಜಾಸ್ತಿ ಎಂಬುದು ಪುತ್ತೂರು, ಸುಳ್ಯದ ಕಟ್ಟಡ ಕೆಲಸದವರಿಗೆಲ್ಲ ಗೊತ್ತಿತ್ತು. ಬೇರೆಯವರು ಮೂರಡಿ ಅಗೆದು ಕಲ್ಲು ಕೂರಿಸುವಲ್ಲಿ ಇವರು ನಾಲ್ಕಡಿ ಅಗೆಸುತ್ತಿದ್ದರು. ಕಬ್ಬಿಣ ಕಟ್ಟಿದ ಮೇಲೆ ಒಂದೊಂದು ಗಂಟನ್ನೂ ಬೆರಳಲ್ಲಿ ಎಳೆದು ನೋಡುತ್ತಿದ್ದರು. ಪುಕ್ಕಲ ಬ್ಯಾರಿ ಎಂದು ಬೆನ್ನ ಹಿಂದೆ ನಗುತ್ತಿದ್ದವರೇ ಸ್ವಂತ ಮನೆ ಕಟ್ಟಿಸುವಾಗ ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಹನ್ನೊಂದು ವರ್ಷ ಗಲ್ಫ್‌ನಲ್ಲಿ ದುಡಿದು ಬಂದವರು. ಅಲ್ಲಿನ ಕೆಲಸದ ಮಾತು ಬಂದರೆ ಮಾತ್ರ ಮೆಲ್ಲನೆ ಎದ್ದು ಹೋಗುತ್ತಿದ್ದರು. ಯಾಕೆಂದು ಹೆಂಡತಿ ರಮ್ಲತ್‌ಗೂ ಗೊತ್ತಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಅಜ್ಜಾವರ ಕಡೆಯ ಒಂದು ಶಾಲೆಗೆ ಊಟದ ಹಾಲ್ ಕಟ್ಟುವ ಕೆಲಸ ಬಂತು. ಶಾಲಾ ಸಮಿತಿಯ ಅಧ್ಯಕ್ಷೆ ದಮಯಂತಿ ತಾವೇ ಬಂದು ಕೇಳಿದ್ದರು.

"ಜಾಗ ನೋಡುವಲ್ಲಿಂದ ಬೀಗದ ಕೈ ಕೊಡುವವರೆಗೆ ಎಲ್ಲ ನಿಮ್ಮದೇ ಉಸ್ಮಾನಾಕ. ಜೂನ್‌ಗೆ ಶಾಲೆ ಶುರುವಾಗುವಾಗ ಮಕ್ಕಳು ಒಳಗೆ ಕೂತು ಊಟ ಮಾಡ್ಬೇಕು."

ಮಕ್ಕಳು ಎಂಬ ಒಂದು ಮಾತಿಗೆ ಅವರಿಗೆ ಹೆದರಿಕೆಯಾಯಿತು. ಬೇಡ ಎನ್ನಲು ಬಾಯಿ ಬರಲಿಲ್ಲ.

ನಕ್ಷೆ ಮಾಡಿದವನು ಸುಜಯ್ ಎಂಬ ಎಂಜಿನಿಯರ್, ಓದಿದವ, ಕೆಟ್ಟವನಲ್ಲ. ಅವನು ನಕ್ಷೆ ತರುವ ಮೊದಲೇ ಉಸ್ಮಾನ್ ಹಾರೆ ಹಿಡಿದು ನೆಲವನ್ನೆಲ್ಲ ಕುತ್ತಿ ನೋಡಿದ್ದರು. ಬಡಗು ಮೂಲೆಯಲ್ಲಿ ಹಾರೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಕೇಳಿದರೆ, ಅಲ್ಲಿ ಹಿಂದೆ ನೀರು ನಿಲ್ಲುವ ಹೊಂಡ ಇತ್ತಂತೆ, ಮಣ್ಣು ತುಂಬಿದ್ದಂತೆ. ಆ ಮೂಲೆಯನ್ನು ಗಟ್ಟಿ ನೆಲ ಸಿಗುವವರೆಗೆ ಅಗೆಸಿದರು. ಜನವರಿ ಪೂರ್ತಿ ಪಂಚಾಂಗಕ್ಕೇ, ಎಂದರೆ ಅಡಿಪಾಯಕ್ಕೇ ಹೋಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಕಂಬ ಎದ್ದವು, ಗೋಡೆ ಎದ್ದಿತು. ಗೋಡೆ ಎದ್ದಷ್ಟೂ ಅವರ ಊಟ ಇಳಿಯಿತು. "ನಿಮಗೆ ಎಂತ ಆಗ್ತಾ ಉಂಟು?" ಎಂದು ರಮ್ಲತ್ ಕೇಳಿದರೆ, "ಬಿಸಿಲು" ಎನ್ನುತ್ತಿದ್ದರು.

ಏಪ್ರಿಲ್ ಮಧ್ಯದಲ್ಲಿ ಸ್ಲ್ಯಾಬಿನ ದಿನ ಬಂತು. ಬೆಳಿಗ್ಗೆ ಏಳಕ್ಕೆ ಮಿಕ್ಸರ್ ತಿರುಗತೊಡಗಿತು. ಮೇಲೆ ಇಪ್ಪತ್ತೆಂಟು ಜನ. ಕೆಳಗೆ ಹಲಗೆಗಳನ್ನು ಹೊತ್ತು ನಿಂತ ತಾತ್ಕಾಲಿಕ ಮರದ ಕಂಬಗಳ ಕಾಡು. ಉಸ್ಮಾನ್ ಟಾರ್ಚ್ ಹಿಡಿದು ಅದರೊಳಗೇ ಸುತ್ತುತ್ತಿದ್ದರು. ಹನ್ನೊಂದರ ಹೊತ್ತಿಗೆ ಅರ್ಧ ಮುಗಿದಿತ್ತು. ಆಗ ಕಾಲಿಗೆ ತಂಪು ತಾಗಿತು. ಮಿಕ್ಸರಿನ ನೀರು ಹೊರಗೆ ಹೋಗಲೆಂದು ಅವರೇ ಚರಂಡಿಯಂತೆ ಕಣಿ ತೆಗೆಸಿದ್ದರು. ಅದರ ಮೇಲೆ ಯಾರೋ ಜಲ್ಲಿ ಸುರಿದು, ನೀರೆಲ್ಲ ತಿರುಗಿ ಬಾಗಿಲಿನಿಂದ ಒಳಗೆ ಬರುತ್ತಿತ್ತು. ಟಾರ್ಚಿನ ಬೆಳಕು ಬಿಟ್ಟು ನೋಡಿದರು. ನಡುವಿನ ಸಾಲಿನ ನಾಲ್ಕು ಕಂಬಗಳ ಅಡಿಹಲಗೆ ಕೆಸರಿನೊಳಗೆ ಒಂದು ಬದಿಗೆ ವಾಲಿತ್ತು. ತಲೆಯ ಮೇಲೆ ಮರ ಟಕ್ಕೆಂದಿತು.

ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಸುಮ್ಮನೆ ಹೊರಗೆ ನಡೆದುಬಿಡು ಎಂದು ಕಾಲುಗಳು ಹೇಳುತ್ತಿದ್ದವು. ಮತ್ತೊಮ್ಮೆ ಮರ ಟಕ್ಕೆಂದಾಗ ಅವರು ಹೊರಗೆ ಓಡಿ ಬಂದರು, ಮಿಕ್ಸರಿನವನ ಕೈ ತಳ್ಳಿ ಯಂತ್ರ ನಿಲ್ಲಿಸಿದರು.

"ಎಲ್ಲರೂ ಇಳೀರಿ. ಇಳೀರಿ ಅಂದೆ."

ಸುಜಯ್ ಬಂದ. "ಎಂತದು ಉಸ್ಮಾನಾಕ, ಅರ್ಧದಲ್ಲಿ ನಿಲ್ಲಿಸಿದ್ರೆ ಸ್ಲ್ಯಾಬ್ ಹಾಳಾಗ್ತದೆ. ಇಬ್ಬರು ಒಳಗೆ ಹೋಗಿ ಕಂಬದ ಅಡಿಗೆ ಕಲ್ಲು ಕೊಟ್ರೆ ಸಾಕು."

"ಹಾಳಾಗ್ಲಿ. ಒಳಗೆ ಯಾರೂ ಹೋಗುದು ಬೇಡ."

ಜನ ಗೊಣಗುತ್ತ ಇಳಿದರು. ಉಸ್ಮಾನ್ ಹೊರಗಿನಿಂದಲೇ ಎರಡು ಗೋಡೆಗಳ ನಡುವೆ ನೇರ ದಾರ ಎಳೆಸಿದರು. ನಡುವಿನ ಹಲಗೆ ದಾರದ ಮಟ್ಟಕ್ಕಿಂತ ಆಗಲೇ ಎರಡು ಬೆರಳಷ್ಟು ತಗ್ಗಿತ್ತು. ಕಾಲು ಗಂಟೆ ಬಿಟ್ಟು ನೋಡಿದರೆ ಇನ್ನಷ್ಟು. ಆಮೇಲೆ ನಿಂತಿತು. ಕೆಲಸ ಮುಂದುವರಿದಿದ್ದರೆ ಬೀಳುತ್ತಿತ್ತೋ ಇಲ್ಲವೋ, ಇವತ್ತಿಗೂ ಯಾರಿಗೂ ಗೊತ್ತಿಲ್ಲ. ದಾರ ನೋಡಿದ ಮೇಲೆ ಸುಜಯ್ ತಾನೇ ಜನರನ್ನು ಅಂಚಿಗೆ ಕರೆದ. ಹಸಿ ಕಾಂಕ್ರೀಟನ್ನು ಅಂಚಿನಿಂದ ಸ್ವಲ್ಪಸ್ವಲ್ಪವೇ ಎಳೆದು ಕೆಳಗೆ ಹಾಕುವಷ್ಟರಲ್ಲಿ ಸಂಜೆಯಾಯಿತು.

ಸುದ್ದಿ ಕೇಳಿ ದಮಯಂತಿ ಬಂದರು. ಉಸ್ಮಾನ್ ಜಲ್ಲಿಯ ರಾಶಿಯ ಮೇಲೆ ಕೂತಿದ್ದರು.

"ಜೂನ್‌ಗೆ ಆಗುದಿಲ್ಲ ಅಕ್ಕ. ಬೇರೆ ಮೇಸ್ತ್ರಿ ಬೇಕಾದ್ರೆ ನೋಡಿ."

"ಬೇರೆಯವರು ಎಂತಕ್ಕೆ? ನೀವು ಇಷ್ಟು ಹೆದರುದು ಯಾಕೆ, ಅದು ಹೇಳಿ."

ಉಸ್ಮಾನ್ ಹೇಳಿದರು. "ಗಲ್ಫಲ್ಲಿ ಹೀಗೆಯೇ ಒಂದು ಸ್ಲ್ಯಾಬು. ಶಬ್ದ ಕೇಳಿ ನಾನು ಫೋರ್‌ಮನ್‌ಗೆ ಹೇಳಿದೆ. ಬಾಯಿ ಮುಚ್ಚಿ ಕೆಲಸ ಮಾಡು ಅಂದ. ನಾನು ನೀರು ಕುಡೀಲಿಕ್ಕೆ ಅಂತ ಹೊರಗೆ ಬಂದೆ. ಬಾಯಾರಿಕೆ ಇರ್ಲಿಲ್ಲ. ಒಳಗಿದ್ದವರಿಗೆ ಹೇಳದೇ ಬಂದೆ. ಸ್ಲ್ಯಾಬು ಬಿತ್ತು. ಮೂರು ಜನ ಹೋದ್ರು."

ದಮಯಂತಿ, "ಜುಲೈಗೆ ಆಗ್ಲಿ. ಸಮಿತಿಗೆ ನಾನು ಹೇಳ್ತೇನೆ" ಎಂದರು.

ಎರಡನೆಯ ಸಲ ಕಂಬಗಳ ಅಡಿಯ ನೆಲವನ್ನೆಲ್ಲ ಬಡಿದು ತೆಳು ಕಾಂಕ್ರೀಟ್ ಹಾಕಿಸಿದರು. ಮೇ ಮೊದಲ ವಾರದಲ್ಲಿ ಸ್ಲ್ಯಾಬ್ ಮುಗಿಯಿತು. ಅದರ ಮೇಲೆ ನೀರು ಕಟ್ಟಿ, ಇಪ್ಪತ್ತೊಂದು ದಿನ ಸಾಕೆಂದು ಸುಜಯ್ ಹೇಳಿದರೂ ಇಪ್ಪತ್ತೆಂಟು ದಿನ ಬಿಟ್ಟರು. ಕಂಬ ಬಿಚ್ಚುವ ದಿನ ಉಳಿದವರನ್ನೆಲ್ಲ ಹೊರಗೆ ನಿಲ್ಲಿಸಿ, ನಡುವಿನಿಂದ ಶುರುಮಾಡಿ ಒಂದೊಂದನ್ನೂ ತಾವೇ ಸಡಿಲಿಸಿದರು. ಪ್ರತಿ ಸಲ ಸುತ್ತಿಗೆ ಎತ್ತುವಾಗ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಕಂಬ ಕಳಚಿ ಬಂದಾಗ ಸ್ಲ್ಯಾಬ್ ಕೂದಲಷ್ಟೂ ಅಲುಗಲಿಲ್ಲ. ಅವರ ಅಂಗಿ ಮಾತ್ರ ಮಳೆಯಲ್ಲಿ ನೆಂದಂತಾಗಿತ್ತು. ಆ ದಿನ ಮನೆಗೆ ಹೋಗಿ ರಮ್ಲತ್‌ಗೂ ಎಲ್ಲ ಹೇಳಿದರು. ಅವಳು ಕೇಳಿ, ತಟ್ಟೆಗೆ ಅನ್ನ ಬಡಿಸಿ, ಉಣ್ಣುವವರೆಗೆ ಎದುರಿಗೇ ಕೂತಳು.

ಜುಲೈ ಎರಡರಂದು ಬೀಗದ ಕೈ ದಮಯಂತಿಯ ಕೈ ಸೇರಿತು. ಮಕ್ಕಳು ಸಾಲಾಗಿ ಕೂತು ಉಂಡರು. ಉಸ್ಮಾನ್ ಬಾಗಿಲಲ್ಲೇ ನಿಂತು ಮೇಲಿನ ಸ್ಲ್ಯಾಬನ್ನು ನೋಡುತ್ತಿದ್ದರು. ಆಮೇಲೂ ಜಡಿಮಳೆಯಲ್ಲಿ ವಾರವಾರ ಸ್ಕೂಟರ್ ಬಿಟ್ಟುಕೊಂಡು ಹೋಗಿ, ಮೂಲೆ ಮೂಲೆ ನೋಡಿ ಬರುತ್ತಿದ್ದರು. ಆಗಸ್ಟಿನಲ್ಲಿ ಒಂದು ವಾರ ಹೋಗುವುದು ತಪ್ಪಿತು. ತಪ್ಪಿದ್ದು ನೆನಪಾದದ್ದೇ ಎರಡು ದಿನ ಕಳೆದ ಮೇಲೆ, ಕೊಯಿಲದಲ್ಲಿ ಒಬ್ಬರ ಮನೆ ಕೆಲಸಕ್ಕೆ ಗೂಟ ಹೊಡೆದು ದಾರ ಕಟ್ಟುತ್ತಿದ್ದಾಗ.